ಕೂಸಿನ ಮನೆಯ ಬಾಗಿಲು ಯಾರ ಹೊತ್ತಿಗೆ ತೆರೆಯಬೇಕು? ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು,
ಸನ್ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಕೂಸಿನ ಮನೆಗಳ (ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರಗಳ) ವೇಳೆ, ಆರೈಕೆದಾರರ ಕೂಲಿ ಹಾಗೂ ಮೂರು ವರ್ಷದೊಳಗಿನ ಮಕ್ಕಳ ತಾಯಂದಿರ ದುಡಿಮೆಯ ಕುರಿತು.

ಮಾನ್ಯರೇ,

ನಾನು ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟದ, ಅಂದರೆ ಹೆಂಗಸರ ಸ್ವಸಹಾಯ ಸಂಘಗಳ ಕೂಟದ, ಲೆಕ್ಕಪತ್ರ ಬರೆಯುವವಳು. ನಮ್ಮನ್ನು ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ, ಎಂದು ಕರೆಯುತ್ತಾರೆ. ಸಂಘಗಳ ಉಳಿತಾಯ, ಸಾಲ, ಮರುಪಾವತಿಯ ಪುಸ್ತಕಗಳನ್ನು ಬರೆಯುವವರಿಗೆ ಯಾವ ಮನೆಯ ಹೆಣ್ಣುಮಗಳು ಯಾವ ವರ್ಷ ದುಡಿದಳು, ಯಾವ ವರ್ಷ ಮನೆಯಲ್ಲೇ ಉಳಿದಳು ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ತಿಂಗಳು ತಿಂಗಳೂ ಕಂತು ಕಟ್ಟುತ್ತಿದ್ದವಳು ಇದ್ದಕ್ಕಿದ್ದಂತೆ ಬಾಕಿ ಉಳಿಸಿಕೊಳ್ಳಲು ಶುರುಮಾಡಿದರೆ ಒಂದೋ ಮನೆಯಲ್ಲಿ ಕಾಯಿಲೆ, ಇಲ್ಲವೇ ಮಡಿಲಲ್ಲಿ ಕೈಗೂಸು. ಕಾಯಿಲೆಗೆ ಸಾಲ ಕೊಡಲು ನಮ್ಮ ಸಂಘಗಳಲ್ಲಿ ದಾರಿಯಿದೆ. ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ಕಳೆದುಕೊಂಡ ಕೂಲಿಯನ್ನು ಬರೆಯಲು ಮಾತ್ರ ಯಾವ ಪುಸ್ತಕದಲ್ಲೂ ಅಂಕಣವಿಲ್ಲ.

ಈ ಪತ್ರ ಯೋಜನೆಯ ವಿರುದ್ಧ ಅಲ್ಲ ಎಂದು ಮೊದಲಿಗೇ ಹೇಳಿಬಿಡುತ್ತೇನೆ. 2023ರ ಜುಲೈ ತಿಂಗಳ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ ಪ್ರಕಟಿಸಿದಾಗ, ಕೂಲಿ ಹೆಂಗಸಿನ ಹಸುಗೂಸೂ ಕೊನೆಗೆ ವಿಧಾನಸೌಧದ ಕಣ್ಣಿಗೆ ಬಿತ್ತಲ್ಲ ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಸಂತೋಷಕ್ಕೆ ಕಾರಣವಿತ್ತು. ನಮ್ಮ ರಾಜ್ಯದಲ್ಲಿ ಅಂಗನವಾಡಿ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಆರಂಭವಾಗಿ ಇಂದು 60 ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆದಿದೆ. ಆದರೆ ಅಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರರಿಂದ ಆರು ವರ್ಷದ ಮಕ್ಕಳನ್ನು. ಮೂರು ವರ್ಷದೊಳಗಿನವರಿಗೆ ಸಿಗುವುದು ಮನೆಗೆ ಕೊಂಡೊಯ್ಯುವ ಆಹಾರದ ಪೊಟ್ಟಣ, ಲಸಿಕೆಯ ದಿನದ ನೆನಪು, ತಿಂಗಳಿಗೊಮ್ಮೆ ತೂಕ. ಸಂವಿಧಾನದ 45ನೇ ವಿಧಿ 2002ರ ತಿದ್ದುಪಡಿಯ ನಂತರ ಆರು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ಸರ್ಕಾರ ಶ್ರಮಿಸಬೇಕೆಂದು ಹೇಳುತ್ತದೆ. ಆ ಆರು ವರ್ಷಗಳಲ್ಲಿ ತಾಯಿಯನ್ನು ಅತಿ ಹೆಚ್ಚು ಕಟ್ಟಿಹಾಕುವ ಮೊದಲ ಮೂರನ್ನೇ ನಾವು ಇಷ್ಟು ಕಾಲ ಅವಳ ಪಾಡಿಗೆ ಬಿಟ್ಟಿದ್ದೆವು. ಆ ಖಾಲಿ ಜಾಗಕ್ಕೆ ಬಂದದ್ದು ಕೂಸಿನ ಮನೆ. ಹಾಗಾಗಿಯೇ ಅದು ಎಲ್ಲಿ ಎಡವುತ್ತಿದೆ ಎಂಬುದನ್ನು ತಮಗೆ ತಿಳಿಸುವುದು ಅಗತ್ಯವೆನಿಸಿತು.

ಎಡವುತ್ತಿರುವ ಮೊದಲ ಜಾಗ ಬಾಗಿಲು ತೆರೆಯುವ ಹೊತ್ತು.

ಬೇಸಿಗೆಯಲ್ಲಿ ನಮ್ಮ ಕಡೆ ಉದ್ಯೋಗ ಖಾತರಿಯ ಬದು ಹಾಕುವ, ಕೆರೆ ಹೂಳೆತ್ತುವ ಕೆಲಸಗಳು ಬಿಸಿಲೇರುವ ಮೊದಲೇ ಶುರುವಾಗುತ್ತವೆ. ಹೆಂಗಸರು ಹೊತ್ತು ಮೂಡುವಾಗಲೇ ಗುದ್ದಲಿ, ಬಾಂಡ್ಲಿ ಹಿಡಿದು ಹೊರಡುತ್ತಾರೆ. 2023ರ ಜನವರಿಯಿಂದ ಕೆಲಸದ ಹಾಜರಿ ಹಿಡಿಯುವ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಫೋಟೊ ಸಹಿತ ಹಾಜರಿ ಕಡ್ಡಾಯವಾದ ಮೇಲೆ, ಬೆಳಗಿನ ಫೋಟೊದಲ್ಲಿ ಮುಖ ಕಾಣದಿದ್ದರೆ ಆ ದಿನದ ಕೂಲಿಯೇ ಅನುಮಾನ. ನಮ್ಮ ಕೂಸಿನ ಮನೆಯ ಬೀಗ ತೆಗೆಯುವುದು ಪಂಚಾಯಿತಿ ಕಚೇರಿಯ ವೇಳೆಗೆ. ಈ ಎರಡು ವೇಳೆಗಳ ನಡುವಿನ ಮೂರು ಗಂಟೆ ಮಗು ಎಲ್ಲಿರಬೇಕು ಎಂದು ಯೋಜನೆ ರೂಪಿಸಿದವರು ಯೋಚಿಸಿದಂತೆ ಕಾಣುವುದಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ. ಕೆರೆಯ ಏರಿಯ ಮೇಲೆ ಹೊಂಗೆಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ. ಒಳಗೆ ಹತ್ತು ಹನ್ನೊಂದು ತಿಂಗಳ ಕೂಸು. ಜೋಲಿ ತೂಗುತ್ತಾ ನಿಂತವಳು ಅದರ ಅಕ್ಕ, ಸರ್ಕಾರಿ ಶಾಲೆಯ ಸಮವಸ್ತ್ರದಲ್ಲೇ ಇದ್ದಳು, ಚೀಲ ಬುಡದಲ್ಲಿತ್ತು. ಕೂಸಿನ ಮನೆ ತೆರೆದ ಮೇಲೆ ತಮ್ಮನನ್ನು ಅಲ್ಲಿ ಬಿಟ್ಟು ಅವಳು ಶಾಲೆಗೆ ಹೋಗಬೇಕೆಂಬುದು ಮನೆಯವರ ಏರ್ಪಾಡು. ಹೋಗುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತದೆ. ಮೇಷ್ಟ್ರು ಒಮ್ಮೊಮ್ಮೆ ಬೈಯುತ್ತಾರೆ, ಒಮ್ಮೊಮ್ಮೆ ಸುಮ್ಮನಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವಳು ಬಂದ ಮಗುವೇ ಆದ್ದರಿಂದ ಈ ನಷ್ಟ ಯಾವ ವರದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆಯೇ ಈ ಸಂಕಟವನ್ನು ಮೊದಲೇ ಊಹಿಸಿತ್ತು. ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ಅದರ ಎರಡನೇ ಅನುಸೂಚಿಯಲ್ಲಿ ಬರೆದಿತ್ತು. ಕೂಸಿನ ಮನೆ ಬಂದ ಮೇಲೆ ಆ ನಿಯಮವನ್ನು ಕೇಳುವವರೇ ಇಲ್ಲವಾಗಿದ್ದಾರೆ. ‘ಕೂಸಿನ ಮನೆ ಇದೆಯಲ್ಲಮ್ಮ, ಅಲ್ಲಿ ಬಿಡಿ’ ಎಂಬ ಉತ್ತರ ಸಿಗುತ್ತದೆ. ಕಾಮಗಾರಿ ಮೂರು ಕಿಲೋಮೀಟರ್ ಆಚೆಯ ಗುಡ್ಡದ ಬುಡದಲ್ಲಿ ನಡೆಯುತ್ತಿರುವಾಗ, ಮೊಲೆಹಾಲು ಕುಡಿಯುವ ಕೂಸನ್ನು ಊರ ನಡುವಿನ ಕಟ್ಟಡದಲ್ಲಿ ಬಿಟ್ಟು ಹೋಗುವುದು ಹೇಗೆ ಎಂದು ಕೇಳಿದರೆ ಉತ್ತರವಿಲ್ಲ.

ಸಂಬಳವಿಲ್ಲದ ದುಡಿಮೆಯ ಲೆಕ್ಕ ತಮ್ಮ ಮೇಜಿನ ಮೇಲೆ ಇರುವುದೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಅಂದರೆ ಹೆಂಗಸರ ಹೊರೆಯಲ್ಲಿ ಹತ್ತು ನಿಮಿಷ ಇಳಿದಿರುವುದು ನಿಜ, ಆದರೆ ಅದನ್ನು ಗಂಡಸರು ಹೊತ್ತುಕೊಂಡಿಲ್ಲ, ಅವರದ್ದೂ ಇಳಿದಿದೆ. 15ರಿಂದ 59 ವರ್ಷದವರಲ್ಲಿ ಮನೆಯವರ ಆರೈಕೆ ಮಾಡುವ ಹೆಂಗಸರು ಶೇ 41, ಗಂಡಸರು ಶೇ 21.4; ಆರೈಕೆಗೆ ಹೆಂಗಸರು ಕೊಡುವ ಹೊತ್ತು 140 ನಿಮಿಷ, ಗಂಡಸರು ಕೊಡುವುದು 74. ಈ 140 ನಿಮಿಷವನ್ನು ನೋಡಿ, ಎರಡು ಗಂಟೆ ಇಪ್ಪತ್ತು ನಿಮಿಷ ತಾನೇ, ಉಳಿದ ಹೊತ್ತಿನಲ್ಲಿ ದುಡಿಯಬಹುದಲ್ಲ ಎಂದು ಯಾರಾದರೂ ಅಂದುಕೊಂಡರೆ ಅವರು ಎಳೆಮಗುವನ್ನು ಒಂದು ದಿನವೂ ನೋಡಿಕೊಂಡವರಲ್ಲ. ಆ ಹೊತ್ತು ಒಂದೇ ಕಡೆ ಗಟ್ಟಿಯಾಗಿ ಸಿಗುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಚೂರುಚೂರಾಗಿ ಹರಡಿರುತ್ತದೆ. ಅನ್ನಕ್ಕಿಟ್ಟು ಮಗುವಿನ ಮೇಲೊಂದು ಕಣ್ಣಿಟ್ಟಿರುವ ಹೊತ್ತನ್ನು ಸಮೀಕ್ಷೆ ಅಡುಗೆಗೆ ಸೇರಿಸುತ್ತದೋ ಆರೈಕೆಗೆ ಸೇರಿಸುತ್ತದೋ, ತಾಯಿಯ ಮಟ್ಟಿಗೆ ಎರಡೂ ಒಂದೇ: ಹೊಸಲು ದಾಟುವ ಹಾಗಿಲ್ಲ. ಆದ್ದರಿಂದ ಕೂಸಿನ ಮನೆ ಅವಳಿಗೆ ಕೊಡಬೇಕಾದದ್ದು ಒಟ್ಟು ಎಷ್ಟು ಗಂಟೆ ಎಂಬುದಕ್ಕಿಂತ, ಮಧ್ಯೆ ಯಾರೂ ಕರೆಯದ, ದಿನಾ ಅದೇ ಹೊತ್ತಿಗೆ ಸಿಗುವ, ನಂಬಿಕೆಯ ಗಂಟೆಗಳನ್ನು. ವಾರದಲ್ಲಿ ಒಂದು ದಿನ ಆರೈಕೆದಾರರು ಬರಲಿಲ್ಲವೆಂದು ಬೀಗ ಬಿದ್ದರೂ ಸಾಕು, ಆ ತಾಯಿಯನ್ನು ಮೇಸ್ತ್ರಿ ಮುಂದಿನ ವಾರದ ಕೆಲಸಕ್ಕೆ ಕರೆಯುವುದಿಲ್ಲ.

ಮನೆವಾರ್ತೆಗೆ ಬೆಲೆ ಕಟ್ಟಲಾಗದು ಎನ್ನುವ ಮಾತನ್ನು ಸಭೆಗಳಲ್ಲಿ ಕೇಳುತ್ತಿರುತ್ತೇವೆ. 2021ರ ಜನವರಿಯಲ್ಲಿ ಕೀರ್ತಿ ಮತ್ತು ಓರಿಯಂಟಲ್ ಇನ್ಶೂರೆನ್ಸ್ ಕಂಪನಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಹಿಡಿಯಬೇಕೆಂದಿತು, ನ್ಯಾಯಮೂರ್ತಿ ಎನ್.ವಿ. ರಮಣ ಅವರು 2019ರ ಆ ಸಮೀಕ್ಷೆಯ ಅಂಕಿಗಳನ್ನೇ ತೀರ್ಪಿನಲ್ಲಿ ಮುಂದಿಟ್ಟರು. ಅದು ಅಪಘಾತ ಪರಿಹಾರದ ಪ್ರಕರಣ. ಬೆಲೆ ಕಟ್ಟಲು ಬರುತ್ತದೆ ಎಂದಾಯಿತು, ಆಕೆ ಅಪಘಾತದಲ್ಲಿ ಸತ್ತ ಮೇಲೆ. ಬದುಕಿರುವಾಗ ಸರ್ಕಾರ ಮಾಡಬಹುದಾದ ಲೆಕ್ಕ ಬೇರೆಯಿದೆ.

ಎರಡನೇ ಮಾತು ಆರೈಕೆದಾರರದು, ನನ್ನ ಪ್ರಕಾರ ಇದೇ ಮುಖ್ಯವಾದದ್ದು. ನಮ್ಮ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರ ಕೂಲಿ ಬರುವುದು ಉದ್ಯೋಗ ಖಾತರಿಯಿಂದ. ಕೂಲಿ ದರ 2025-26ರಲ್ಲಿ ದಿನಕ್ಕೆ ₹370. 2005ರ ಕಾಯ್ದೆಯ ಖಾತರಿಯ ನೂರು ದಿನ ಎಂಬುದು ಒಬ್ಬೊಬ್ಬ ಆಳಿಗಲ್ಲ, ಇಡೀ ಕುಟುಂಬಕ್ಕೆ. ಅಂದರೆ ಕೂಸಿನ ಮನೆಯಲ್ಲಿ ಊರಿನ ಮಕ್ಕಳ ಮೂಗೊರೆಸಿ, ಉಣ್ಣಿಸಿ, ಮಲಗಿಸಿದ ಪ್ರತಿ ದಿನವೂ ಅವಳ ಮನೆಯ ಜಾಬ್ ಕಾರ್ಡಿನಿಂದ ಕಳೆಯುತ್ತದೆ. ಬೇಸಿಗೆಯಲ್ಲಿ ಗಂಡನಿಗೆ ಕೆಲಸ ಬೇಕಾದಾಗ ದಿನಗಳು ಉಳಿದಿರುವುದಿಲ್ಲ. ಆ ದಿನಗಳು ಮುಗಿದ ಮೇಲೆ ಇವಳು ಇಳಿದು ಇನ್ನೊಬ್ಬಳು ಬರಬೇಕು. ಇವಳಿಗೆ ಕೊಟ್ಟ ತರಬೇತಿ ಇವಳ ಜೊತೆಗೇ ಮನೆಗೆ ಹೋಗುತ್ತದೆ. ದೊಡ್ಡವರಿಗೆ ಇದು ಪಾಳಿ ಬದಲಾವಣೆ ಇರಬಹುದು. ಆಗತಾನೆ ಮುಖ ಗುರುತಿಸಲು ಕಲಿತ ಕೂಸಿಗೆ ಹಾಗಲ್ಲ. ಹೊಸ ಕೈಗೆ ಹೋಗಲಾರದೆ ಅದು ಅತ್ತು ಅತ್ತು ಜ್ವರ ಬರಿಸಿಕೊಂಡರೆ ತಾಯಿ ಮಾರನೆಯ ದಿನ ಬಿಡುವುದಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಆಮೇಲೆ ‘ಫಲಾನುಭವಿಗಳ ಸಂಖ್ಯೆ ಕಡಿಮೆ’ ಎಂದು ವರದಿ ಹೋಗುತ್ತದೆ, ಹಳ್ಳಿಯವರಿಗೆ ಅರಿವಿಲ್ಲ ಎಂಬ ಷರಾ ಸಹಿತ. ಅರಿವು ಮೂಡಿಸುವ ಕಾರ್ಯಕ್ರಮ ನಡೆಸಲು ಆಗ ಮತ್ತೆ ನಮಗೇ ಹೇಳುತ್ತಾರೆ.

ಒಬ್ಬ ಹೆಂಗಸಿನ ಬಿಟ್ಟಿ ದುಡಿಮೆಯನ್ನು ಇನ್ನೊಬ್ಬ ಹೆಂಗಸಿನ ಅಗ್ಗದ ದುಡಿಮೆಗೆ ವರ್ಗಾಯಿಸಿದರೆ ಅದು ಸಬಲೀಕರಣ ಆಗುವುದಿಲ್ಲ, ಮಾನ್ಯರೇ. ಅಂಗನವಾಡಿಯಲ್ಲಿ ಈ ತಪ್ಪನ್ನು ನಾವು ಐವತ್ತು ವರ್ಷ ಎಳೆದುಕೊಂಡು ಬಂದಿದ್ದೇವೆ. ಕಾರ್ಯಕರ್ತೆಯರಿಗೆ ಸಂಬಳ ಎನ್ನದೆ ಗೌರವಧನ ಎಂದೆವು; ಚುನಾವಣೆ, ಸರ್ವೆ, ಲಸಿಕೆ ಎಲ್ಲಕ್ಕೂ ಕರೆದೆವು; ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಒಂದಿಷ್ಟು ಏರಿಸಿ ಕಳಿಸಿದೆವು. ಅವರಿಗೆ ಗ್ರ್ಯಾಚುಟಿಯ ಹಕ್ಕಿದೆ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕೂಸಿನ ಮನೆ ಇನ್ನೂ ಎಳೆಯದು, ಅದೇ ಹಾದಿ ಹಿಡಿಯುವ ಮುನ್ನ ತಿದ್ದಲು ಸಾಧ್ಯ. ಉದ್ಯೋಗ ಖಾತರಿಯ ನಿಯಮಗಳು ದೆಹಲಿಯಲ್ಲಿ ಬದಲಾದಾಗಲೆಲ್ಲ ನಮ್ಮ ಊರಿನ ಕೂಸಿನ ಮನೆಯ ಒಲೆ ಅಲ್ಲಾಡುವಂತೆ ಇರಬಾರದು.

ಈ ಗಂಟೆಗಳು ಸಿಕ್ಕರೆ ಹೆಂಗಸರು ಏನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಅಧಿಕಾರಿಗಳೊಬ್ಬರು ಸಭೆಯಲ್ಲಿ ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಎಲ್ಲರೂ ಕೂಲಿಗೆ ಹೋಗುವುದಿಲ್ಲ. ನಾನು ನೋಡಿದಂತೆ ಸಿಕ್ಕ ಹೊತ್ತಿನ ಒಂದು ಪಾಲನ್ನು ಮನೆಗೆಲಸವೇ ನುಂಗುತ್ತದೆ: ಮಗು ಮಲಗಿದಾಗ ಗಡಿಬಿಡಿಯಲ್ಲಿ ಮುಗಿಸುತ್ತಿದ್ದ ಬಟ್ಟೆ ಒಗೆಯುವುದು, ಹಸುವಿಗೆ ಹುಲ್ಲು ತರುವುದು, ನೀರು ಬಿಟ್ಟಾಗ ಹಿಡಿದಿಡುವುದು ಎಲ್ಲ ಆ ಗಂಟೆಗಳಿಗೆ ಸರಿಯುತ್ತವೆ. ಇದು ಯೋಜನೆಯ ಸೋಲಲ್ಲ. ಆದರೆ ಶಿಶುಪಾಲನಾ ಕೇಂದ್ರವೊಂದೇ ಹೆಂಗಸರ ಕೈಗೆ ಹಣ ತರುತ್ತದೆ ಎಂದು ಹೇಳುವುದೂ ಸುಳ್ಳು. ಹತ್ತಿರದಲ್ಲಿ ಕೆಲಸ, ಹೊತ್ತಿಗೆ ಸರಿಯಾಗಿ ಕೂಲಿ, ನಲ್ಲಿಯಲ್ಲಿ ನೀರು ಇದ್ದ ಕಡೆ ಅದೇ ಗಂಟೆಗಳು ದುಡ್ಡಾಗುತ್ತವೆ. ನಮ್ಮ ಒಕ್ಕೂಟದಲ್ಲಿ ಇಂಥ ಬದಲಾವಣೆ ಮೊದಲು ಕಂಡದ್ದು ರೊಟ್ಟಿ ಮಾರುವ ಗುಂಪಿನಲ್ಲಿ. ಕಿರಿಯ ಮಗುವನ್ನು ಕೂಸಿನ ಮನೆಗೆ ಬಿಡಲು ಆರಂಭಿಸಿದ ಮೇಲೆ, ಗುಂಪಿನ ಒಬ್ಬಾಕೆ ಮೊದಲು ನಾದಿನಿಯ ಹೆಸರಿಗೆ ಬಿಟ್ಟುಕೊಟ್ಟಿದ್ದ ತನ್ನ ಪಾಲಿನ ಹಂಚು ಮತ್ತು ಒಲೆಯನ್ನು ಮತ್ತೆ ಕೇಳಿ ಪಡೆದಳು. ಕಂತು ಕಟ್ಟಲು ಅತ್ತೆಯ ಹತ್ತಿರ ಕೈಚಾಚುವುದು ನಿಂತಿತು. ನನ್ನ ಪುಸ್ತಕದಲ್ಲಿ ಅದು ಬರಿಯ ಒಂದು ಜಮಾ ಸಾಲು.

ಇನ್ನು ಕಾರ್ಖಾನೆಗಳ ವಿಷಯ. 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಕೋಣೆ ಇರಬೇಕೆಂದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ಹೆಂಗಸರೆಷ್ಟು ಗಂಡಸರೆಷ್ಟು ಎಂದು ಎಣಿಸದೆ ಐವತ್ತು ನೌಕರರಿರುವ ಎಲ್ಲ ಸಂಸ್ಥೆಗೂ ಶಿಶುಪಾಲನಾ ಸೌಲಭ್ಯ ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಅವಕಾಶ ಕೊಟ್ಟಿತು. ಹೆಂಗಸರ ತಲೆ ಎಣಿಸಿ ಹೊಣೆ ಹೊರಿಸಿದರೆ ಮಾಲೀಕರು ಹೆಂಗಸರನ್ನೇ ಕಡಿಮೆ ತೆಗೆದುಕೊಳ್ಳುತ್ತಾರೆ ಎಂಬ ಅರಿವು ಇದರ ಹಿಂದಿತ್ತು, ಒಳ್ಳೆಯದೇ. ಆದರೂ ಕಾನೂನು ಮಗುವನ್ನು ಕಾರ್ಖಾನೆಯ ಬಳಿಯೇ ಇಟ್ಟಿದೆ. ನಮ್ಮ ಹೋಬಳಿಯ ಹುಡುಗಿಯರು ಗಾರ್ಮೆಂಟ್ಸಿಗೆ ಹೋಗುವುದು ಕತ್ತಲಿರುವಾಗಲೇ ಊರಿಗೆ ಬರುವ ವ್ಯಾನಿನಲ್ಲಿ, ನಿಲ್ಲಲೂ ಜಾಗವಿಲ್ಲದಂತೆ. ಆ ವ್ಯಾನಿನಲ್ಲಿ ಕೈಗೂಸನ್ನು ಎತ್ತಿಕೊಂಡು ಹೋದವರನ್ನು ನಾನು ಈವರೆಗೆ ನೋಡಿಲ್ಲ. ಹೆರಿಗೆಗೆಂದು ಇಳಿದವರಲ್ಲಿ ಬಹಳ ಮಂದಿ ಮತ್ತೆ ಹತ್ತಲೇ ಇಲ್ಲ, ಹತ್ತಿದವರು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಹತ್ತಿದರು. ಆ ಅಜ್ಜಿಯರ ಮೊಣಕಾಲಿನ ಮೇಲೆ ನಿಂತಿದೆ ನಮ್ಮ ಸಿದ್ಧ ಉಡುಪು ಉದ್ಯಮ. ಇಂಥ ತಾಯಿಗೆ ಬೇಕಾದದ್ದು ಊರಲ್ಲೇ ಹೊತ್ತಾರೆ ಬಾಗಿಲು ತೆರೆಯುವ ಕೂಸಿನ ಮನೆ, ಅದಕ್ಕೆ ಆ ಉದ್ಯಮದಿಂದ ಪಾಲು ಹಣ.

ಈ ಕೆಲಸ ಆಗದ್ದೇನೂ ಅಲ್ಲ. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಆರಂಭಿಸಿದ ಮೊಬೈಲ್ ಕ್ರೆಶಸ್ ಸಂಸ್ಥೆ, ಕೆಲಸ ಎಲ್ಲಿದೆಯೋ ಅಲ್ಲಿಗೆ ಶಿಶುಪಾಲನೆಯನ್ನು ಕೊಂಡೊಯ್ಯಬಹುದೆಂದು ತೋರಿಸಿಕೊಟ್ಟಿತು. ಗುಜರಾತಿನಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆಯವರು ಶಿಶುಪಾಲನೆಗೆಂದೇ ಸಹಕಾರ ಸಂಘ ಕಟ್ಟಿಕೊಂಡು, ದುಡಿಯುವ ತಾಯಂದಿರ ಹೊತ್ತಿಗೆ ತಕ್ಕಂತೆ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ನಮ್ಮ ರಾಜ್ಯದ ಸಂಜೀವಿನಿ ಒಕ್ಕೂಟಗಳಿಗೆ ಇದು ಮೀರಿದ ಕೆಲಸವಲ್ಲ.

ಹಣ ಎಲ್ಲಿಂದ ಎಂದು ಹಣಕಾಸು ಇಲಾಖೆ ಕೇಳಬಹುದು. ಗೃಹಲಕ್ಷ್ಮಿಯಲ್ಲಿ ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರಿಗೆ ತಿಂಗಳಿಗೆ ₹2,000 ಕೊಡುತ್ತಿರುವ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸು ಓಡಿಸುತ್ತಿರುವ ಸರ್ಕಾರಕ್ಕೆ ಈ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳಬೇಕಿಲ್ಲ ಎಂದುಕೊಂಡಿದ್ದೇನೆ. ಆ ಎರಡನ್ನೂ ನಾನು ಮೆಚ್ಚುತ್ತೇನೆ, ಎರಡನ್ನೂ ಪಡೆಯುತ್ತೇನೆ. ಆದರೆ ಬಸ್ಸು ಉಚಿತವಾಗಿ ಬಂದು ನಿಂತಾಗ ಕಂಕುಳಿನ ಕೂಸನ್ನು ಯಾರ ಕೈಗೆ ಕೊಟ್ಟು ಹತ್ತಬೇಕು ಎಂಬುದು ತೀರ್ಮಾನವಾಗದೆ ಶಕ್ತಿ ಯೋಜನೆಯ ಪೂರ್ತಿ ಫಲ ಎಳೆಮಕ್ಕಳ ತಾಯಂದಿರಿಗೆ ಸಿಗುವುದಿಲ್ಲ. ಮಗುವನ್ನು ತಾಯಿಯೇ ನೋಡಿಕೊಳ್ಳಬೇಕು, ಪರರ ಕೈಗೆ ಹಾಕಬಾರದು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳುವ ಹಿರಿಯರೂ ಇದ್ದಾರೆ. ಅವರ ಮನೆಯ ಕಳೆ ಕೀಳಲು ಬರುವ ಹೆಣ್ಣಾಳುಗಳ ಕೂಸು ಹೊಲದ ಬದುವಿನ ಮೇಲೆ ಇರುತ್ತದೆ ಎಂಬುದು ಅವರಿಗೂ ಗೊತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಕೂಸಿನ ಮನೆಯ ವೇಳೆಯನ್ನು ಕಚೇರಿಯ ಸುತ್ತೋಲೆ ನಿಗದಿ ಮಾಡದೆ, ಆಯಾ ಊರಿನ ಮಹಿಳಾ ಗ್ರಾಮಸಭೆ ಸುಗ್ಗಿಗೆ, ಬೇಸಿಗೆಗೆ ಬೇರೆಬೇರೆಯಾಗಿ ಗೊತ್ತುಮಾಡಲು ಅಧಿಕಾರ ಕೊಡಿ. ಬೆಳಿಗ್ಗೆ ಆರಕ್ಕೆ ಎಂದು ಅವರು ಹೇಳಿದರೆ ಆರಕ್ಕೇ ತೆರೆಯಲಿ. ಆರೈಕೆದಾರರನ್ನು ಕುಟುಂಬದ ಖಾತರಿ ದಿನಗಳಿಂದ ಬಿಡಿಸಿ, ಕೇಂದ್ರಕ್ಕೆ ಕನಿಷ್ಠ ಇಬ್ಬರನ್ನು ವರ್ಷವಿಡೀ ನೇಮಿಸಿ, ರಾಜ್ಯದ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳವನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆಯಿಂದ ಕೊಡಿ. ನಾನು ಇಬ್ಬರು ಸಚಿವರಿಗೂ ಒಟ್ಟಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ: ಮೂರು ವರ್ಷ ತುಂಬುವ ತನಕ ಮಗು ಒಂದು ಇಲಾಖೆಯದು, ತುಂಬಿದ ಮೇಲೆ ಇನ್ನೊಂದರದು. ನಮ್ಮಲ್ಲಿ ಅಂಗನವಾಡಿಗೂ ಕೂಸಿನ ಮನೆಗೂ ಇರುವುದು ಒಂದು ಬೀದಿಯ ಅಂತರ. ಅಲ್ಲಿ ಬೇಯಿಸಿದ ಬಿಸಿ ಊಟ ಇಲ್ಲಿಗೆ ಬರಲು ಎರಡು ಇಲಾಖೆಗಳ ಒಪ್ಪಿಗೆ ಬೇಕಂತೆ. ಕೇಂದ್ರದ ಪಾಲನಾ ಯೋಜನೆಯಲ್ಲಿ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಜೊತೆಗೇ ಶಿಶುಪಾಲನೆ ನಡೆಸಲು ಅವಕಾಶವಿರುವಾಗ, ತಾವಿಬ್ಬರೂ ಒಂದು ಮೇಜಿನ ಸುತ್ತ ಕೂತು ಈ ಬೀದಿಯನ್ನು ದಾಟಿಸಿಕೊಡಬೇಕು.

ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಘೋಷಣೆಯಾದ 4,000ಕ್ಕೆ ಸೇರದೆ ಉಳಿದವುಗಳಿಗೆ ಯಾವ ವರ್ಷ ಎಂಬುದನ್ನು ದಯಮಾಡಿ ತಿಳಿಸಿ. ತೆರೆದಿರುವ ಕಡೆಗಳಲ್ಲಿ ಎಷ್ಟು ಮಕ್ಕಳು ದಾಖಲು ಎಂಬುದರ ಬದಲು, ತಿಂಗಳಲ್ಲಿ ಎಷ್ಟು ದಿನ ಎಷ್ಟು ಗಂಟೆಗೆ ಬಾಗಿಲು ತೆರೆಯಿತು, ಎಷ್ಟು ತಾಯಂದಿರು ಆ ದಿನ ದುಡಿಮೆಗೆ ಹೋದರು ಎಂಬ ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿ. ಆ ಲೆಕ್ಕ ಬರೆಯುವ ಕೆಲಸವನ್ನು ನಮ್ಮಂಥ ಎಂಬಿಕೆಗಳಿಗೆ ವಹಿಸಿದರೆ ಮಾಡಿಕೊಡುತ್ತೇವೆ. ಅದಕ್ಕೂ ಸಂಬಳ ನಿಗದಿ ಮಾಡಿ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟವೊಂದರ ಮುಖ್ಯ ಪುಸ್ತಕ ಬರಹಗಾರ್ತಿ